ಬಡಿಸಿದ ಲೆಕ್ಕ ಸಾಕು, ಮಕ್ಕಳು ಉಂಡ ಲೆಕ್ಕ ಕೊಡಿ

ಶಾಲಾ ಊಟದ ಯೋಜನೆಗಳನ್ನು ರೂಪಿಸುವ ಸಚಿವರಿಗೆ, ಅವುಗಳನ್ನು ನಡೆಸುವ ಅಧಿಕಾರಿಗಳಿಗೆ, ಶಾಲಾ ಆಡಳಿತ ಮಂಡಳಿಗಳ ಸದಸ್ಯರಿಗೆ ಹಾಗೂ ಮುಖ್ಯ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ವಿಷಯ: ಮಕ್ಕಳಿಗೆ ಕೂತು ಉಣ್ಣಲು ಸಾಕಷ್ಟು ಸಮಯ ನೀಡುವ ಬಗ್ಗೆ ಮತ್ತು ತಟ್ಟೆಯಲ್ಲಿ ಉಳಿಯುವ ಆಹಾರದ ಲೆಕ್ಕವಿಡುವ ಬಗ್ಗೆ

ಮಾನ್ಯರೇ,

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಊಟವನ್ನು ತಾವು ಅಳೆಯುತ್ತಿರುವ ರೀತಿಯೇ ಸರಿಯಿಲ್ಲ ಎಂಬ ದೂರನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಎಷ್ಟು ಮಕ್ಕಳಿಗೆ ಬಡಿಸಲಾಯಿತು ಎಂಬುದನ್ನು ದಿನವೂ ತಪ್ಪದೆ ದಾಖಲೆ ಪುಸ್ತಕದಲ್ಲಿ ಬರೆಸುತ್ತೀರಿ. ಬಡಿಸಿದ್ದರಲ್ಲಿ ಮಕ್ಕಳ ಹೊಟ್ಟೆಗೆ ಹೋದದ್ದೆಷ್ಟು ಎಂಬುದಕ್ಕೆ ಮಾತ್ರ ಆ ಪುಸ್ತಕದಲ್ಲಿ ಒಂದು ಅಂಕಣವೂ ಇಲ್ಲ. ನಾನು ಪೋಷಕರ ಪರವಾಗಿ ಶಾಲೆಯೊಂದರ ಊಟದ ಉಸ್ತುವಾರಿ ಸಮಿತಿಯಲ್ಲಿದ್ದೇನೆ. ಬೇರೆ ಶಾಲೆಗಳಲ್ಲಿ ಇದೇ ಕೆಲಸ ಮಾಡುತ್ತಿರುವ ಪೋಷಕರೊಂದಿಗೂ ಮಾತನಾಡಿದ್ದೇನೆ. ನಮ್ಮ ಶಾಲೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅಲ್ಲಿಯವರು ಯಾವ ನಿಯಮವನ್ನೂ ಮುರಿದಿಲ್ಲ. ನಿಯಮದಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದಾರೆ, ಮತ್ತು ಅಷ್ಟಾದರೂ ಮಕ್ಕಳು ಅರ್ಧ ಹಸಿವಿನಲ್ಲೇ ತರಗತಿಗೆ ಮರಳುತ್ತಿದ್ದಾರೆ. ಹಾಗಾಗಿ ನನ್ನ ದೂರು ಇರುವುದು ನಿಯಮದ ಮೇಲೆ, ಅದನ್ನು ಬರೆದವರ ಮೇಲೆ.

ದೂರಿಗೆ ಮುನ್ನ ಆಗಿರುವ ಕೆಲಸವನ್ನು ಒಪ್ಪಿಕೊಳ್ಳದಿದ್ದರೆ ತಪ್ಪಾಗುತ್ತದೆ. ಫಿನ್ಲೆಂಡ್ 1948ರಿಂದ ತನ್ನ ಶಾಲಾ ಮಕ್ಕಳೆಲ್ಲರಿಗೂ ಉಚಿತ ಊಟ ಕೊಡುತ್ತಾ ಬಂದಿದೆ. ಜಪಾನ್ 1954ರಲ್ಲಿ ಶಾಲಾ ಊಟಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್‌ನಲ್ಲಿ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಬ್ರೆಜಿಲ್ 2009ರ ಕಾನೂನಿನ ಮೂಲಕ ಶಾಲಾ ಊಟಕ್ಕೆ ಕೇಂದ್ರದಿಂದ ಬರುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಬಳಸಬೇಕೆಂದು ಕಡ್ಡಾಯ ಮಾಡಿತು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಇತ್ತೀಚಿನ ವರದಿಯಂತೆ ಇಂದು ಜಗತ್ತಿನಲ್ಲಿ 46 ಕೋಟಿಗೂ ಹೆಚ್ಚು ಮಕ್ಕಳು ಶಾಲೆಯಲ್ಲಿ ಊಟ ಪಡೆಯುತ್ತಿದ್ದಾರೆ. ಇಷ್ಟು ದೊಡ್ಡ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದವರ ಶ್ರಮ ಸಣ್ಣದಲ್ಲ. ಆದರೆ ‘ಪಡೆಯುತ್ತಿದ್ದಾರೆ’ ಎಂಬಲ್ಲಿಗೇ ತಮ್ಮ ಲೆಕ್ಕ ನಿಂತುಬಿಡುತ್ತದೆ. ನಾನು ಮಾತನಾಡಬೇಕಿರುವುದು ಅದರ ಮುಂದಿನದನ್ನು.

ನಾನು ಕಣ್ಣಾರೆ ಕಂಡದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ. ವೇಳಾಪಟ್ಟಿಯಲ್ಲಿ ಊಟದ ವಿರಾಮ ಅರ್ಧ ಗಂಟೆ. ಗಂಟೆ ಬಾರಿಸಿದ ಮೇಲೆ ಮಕ್ಕಳು ಪುಸ್ತಕ ಎತ್ತಿಟ್ಟು ಹೊರಗೆ ಬರುವುದು, ಶೌಚಾಲಯಕ್ಕೆ ಹೋಗುವುದು, ಕೈತೊಳೆಯುವ ನಲ್ಲಿಯ ಮುಂದೆ ನಿಲ್ಲುವುದು, ಬಳಿಕ ಬಡಿಸುವ ಸಾಲಿನಲ್ಲಿ ಕಾಯುವುದು, ಇವೆಲ್ಲವೂ ಆ ಅರ್ಧ ಗಂಟೆಯೊಳಗೇ ಆಗಬೇಕು. ಸಾಲಿನ ಮುಂದಿರುವ ಮಕ್ಕಳು ಹೇಗೋ ಉಣ್ಣುತ್ತಾರೆ. ಸಾಲಿನ ಕೊನೆಯಲ್ಲಿರುವ ಮಗುವಿಗೆ ತಟ್ಟೆ ಹಿಡಿದು ಕೂರುವ ಹೊತ್ತಿಗೆ ಹತ್ತು ನಿಮಿಷವೂ ಉಳಿದಿರುವುದಿಲ್ಲ. ಕೊನೆಯಲ್ಲಿರುವವರು ಯಾರು ಎಂದು ನೋಡಿದರೆ ಬಹುತೇಕ ಚಿಕ್ಕ ತರಗತಿಯವರೇ. ದೊಡ್ಡವರು ಓಡಿ ಬಂದು ಮುಂದೆ ನಿಂತಿರುತ್ತಾರೆ. ಹಾಗೆ ಕೊನೆಗೆ ಕೂತ ಒಂದು ಮಗುವನ್ನು ನಾನು ಪಕ್ಕದಲ್ಲೇ ಕೂತು ಗಮನಿಸಿದೆ. ಮೊದಲು ತನಗೆ ಇಷ್ಟವಾದದ್ದನ್ನು ತಿಂದಿತು, ಆಮೇಲೆ ಮೆತ್ತಗಿದ್ದು ಬೇಗ ನುಂಗಬಹುದಾದದ್ದನ್ನು. ತರಕಾರಿಯ ಹೋಳುಗಳನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿ ಇಟ್ಟುಕೊಂಡಿತ್ತು. ಬಿಸಾಡಲು ಇಟ್ಟದ್ದಲ್ಲ, ಕೊನೆಗೆ ತಿನ್ನಲು ಇಟ್ಟದ್ದು. ಕೇಳಿದಾಗ ಹಾಗೆಂದು ತಾನೇ ಹೇಳಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ಮಗು ಎದ್ದು, ತಟ್ಟೆಯನ್ನು ಎಂಜಲು ಬಕೆಟ್ಟಿನ ಅಂಚಿಗೆ ಬಡಿದು, ಕೈ ತೊಳೆದು ಓಡಿತು. ಆ ಬಕೆಟ್ಟಿನೊಳಗೆ ಇಣುಕಿದರೆ ಕಾಣುವುದು ಹೆಚ್ಚಾಗಿ ತರಕಾರಿ ಮತ್ತು ಹಣ್ಣು. ಆ ದಿನದ ದಾಖಲೆಯಲ್ಲಿ ಮಾತ್ರ ಆ ಮಗು ಪೌಷ್ಟಿಕ ಊಟ ಪಡೆದ ಫಲಾನುಭವಿ.

ಮಕ್ಕಳಿಗೆ ತರಕಾರಿ ಸೇರುವುದಿಲ್ಲ, ಎಷ್ಟು ಕೊಟ್ಟರೂ ಬಿಡುತ್ತಾರೆ ಎಂಬುದು ಸಭೆಗಳಲ್ಲಿ ನನಗೆ ಸಿಗುವ ಸಿದ್ಧ ಉತ್ತರ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಬಗೆಯ ಊಟವನ್ನು ಮಕ್ಕಳಿಗೆ ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಇಪ್ಪತ್ತು ನಿಮಿಷ ಕೂತು ಉಣ್ಣಲು ಬಿಟ್ಟು, ತಟ್ಟೆಯಲ್ಲಿ ಉಳಿದದ್ದನ್ನು ಅಳೆದು, ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು. ಹತ್ತು ನಿಮಿಷದ ದಿನಗಳಲ್ಲಿ ಕುಡಿಯುವ ಪದಾರ್ಥ ಮತ್ತು ಮುಖ್ಯ ಆಹಾರದ ಸೇವನೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗಲಿಲ್ಲ. ಹಣ್ಣು ಮತ್ತು ತರಕಾರಿಯ ಸೇವನೆ ಮಾತ್ರ ಸ್ಪಷ್ಟವಾಗಿ ಇಳಿಯಿತು. ಅಂದರೆ ಸಮಯ ಕಡಿಮೆಯಾದಾಗ ಊಟದ ಎಲ್ಲ ಭಾಗಗಳೂ ಸಮನಾಗಿ ಕಡಿಮೆಯಾಗುವುದಿಲ್ಲ, ಯಾವುದನ್ನು ಚೆನ್ನಾಗಿ ಅಗಿಯಬೇಕೋ, ಯಾವುದರ ರುಚಿಗೆ ನಾಲಿಗೆ ಇನ್ನೂ ಒಗ್ಗಬೇಕೋ ಅದೇ ಮೊದಲು ಬಿಟ್ಟುಹೋಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳು ಮಗು ಕೂತ ಕ್ಷಣದಿಂದ ಕನಿಷ್ಠ ಇಪ್ಪತ್ತು ನಿಮಿಷ ಊಟಕ್ಕೆ ಸಿಗಬೇಕೆಂದು ಶಿಫಾರಸು ಮಾಡಿರುವುದು ಇದೇ ಕಾರಣಕ್ಕೆ. ಗಂಟೆ ಬಾರಿಸಿದ ಕ್ಷಣದಿಂದಲ್ಲ, ಮಗು ಕೂತ ಕ್ಷಣದಿಂದ ಎಂಬುದನ್ನು ದಯವಿಟ್ಟು ಗಮನಿಸಬೇಕು. ತಮ್ಮ ವೇಳಾಪಟ್ಟಿ ಲೆಕ್ಕ ಹಾಕುವುದು ಗಂಟೆಯಿಂದ.

ಆಟದ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಬಹುತೇಕ ಶಾಲೆಗಳಲ್ಲಿ ಊಟ ಮೊದಲು, ಆಟ ಆಮೇಲೆ. ಬೇಗ ಉಂಡಷ್ಟೂ ಹೆಚ್ಚು ಹೊತ್ತು ಆಡಬಹುದು ಎಂದಾದಾಗ ಯಾವ ಮಗು ತಾನೇ ನಿಧಾನವಾಗಿ ಅಗಿದು ಉಂಡೀತು? ಅಮೆರಿಕದ ಯುಟಾ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಆಟವನ್ನು ಊಟಕ್ಕೆ ಮೊದಲಿಟ್ಟು ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅಲ್ಲಿ ಹಣ್ಣು ತರಕಾರಿಯ ಸೇವನೆ ಶೇ. 54ರಷ್ಟು ಹೆಚ್ಚಿತ್ತು. ಅಡುಗೆಮನೆ ಬದಲಾಗಲಿಲ್ಲ, ಹಣ ಹೆಚ್ಚಾಗಲಿಲ್ಲ, ಎರಡು ಅವಧಿಗಳು ಸ್ಥಳ ಬದಲಿಸಿಕೊಂಡವು ಅಷ್ಟೆ. ಇದು ಎಲ್ಲ ಕಡೆಯೂ ಇದೇ ಪ್ರಮಾಣದಲ್ಲಿ ಫಲ ಕೊಡುತ್ತದೆಂದು ನಾನು ಹೇಳಲಾರೆ, ಆದರೆ ಖರ್ಚಿಲ್ಲದ ಇಂತಹ ಒಂದು ಕ್ರಮವನ್ನು ಪರೀಕ್ಷಿಸಿಯೂ ನೋಡದೆ ಕೈಬಿಡಲು ಕಾರಣವೇನು ಎಂದು ಕೇಳುವ ಹಕ್ಕು ಪೋಷಕರಿಗಿದೆ.

ಬಕೆಟ್ಟಿಗೆ ಹೋದದ್ದು ತರಕಾರಿ ಒಂದೇ ತಾನೆ, ಉಳಿದದ್ದನ್ನು ಮಗು ಉಂಡಿದೆಯಲ್ಲ ಎಂದು ತಾವು ಸಮಾಧಾನ ಪಟ್ಟುಕೊಳ್ಳಬಾರದು. ಧಾನ್ಯ ಮತ್ತು ಬೇಳೆಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ತುತ್ತಿನ ಜೊತೆಗೆ, ಅಥವಾ ಕನಿಷ್ಠ ಅದೇ ಊಟದಲ್ಲಿ ‘ಸಿ’ ಜೀವಸತ್ವವಿರುವ ಹಣ್ಣು ತರಕಾರಿ ಹೊಟ್ಟೆಗೆ ಹೋದಾಗ ಆ ಹೀರುವಿಕೆ ಹೆಚ್ಚುತ್ತದೆ. ಹಾಗಾಗಿ ತಟ್ಟೆಯ ಅಂಚಿನಲ್ಲಿ ಉಳಿದ ಆ ಹೋಳುಗಳು ತಮ್ಮ ಜೊತೆಗೆ, ಮಗು ಉಂಡ ಅನ್ನದ, ರೊಟ್ಟಿಯ, ಬೇಳೆಯ ಸತ್ವದ ಒಂದು ಪಾಲನ್ನೂ ಕಸಿದುಕೊಂಡು ಹೋಗುತ್ತವೆ. ರಕ್ತಹೀನತೆಯನ್ನು ಕಡಿಮೆ ಮಾಡುವುದು ತಮ್ಮ ಯೋಜನೆಗಳ ಘೋಷಿತ ಗುರಿಗಳಲ್ಲೊಂದು. ಆ ಗುರಿಗಾಗಿ ಕಬ್ಬಿಣಾಂಶ ಬೆರೆಸಿದ ಧಾನ್ಯಕ್ಕೂ ಮಾತ್ರೆಗೂ ಹಣ ವ್ಯಯಿಸುತ್ತೀರಿ, ಅದನ್ನು ದೇಹಕ್ಕೆ ಸೇರಿಸುವ ಹತ್ತು ನಿಮಿಷವನ್ನು ಕೊಡುವುದಿಲ್ಲ.

ಕಾಗದದ ಮೇಲಿನ ಪ್ರಮಾಣಗಳು ಚೆನ್ನಾಗಿಯೇ ಇವೆ. ಉದಾಹರಣೆಗೆ ಭಾರತದ ನಿಯಮವು ಕಿರಿಯ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ದಿನಕ್ಕೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಎಂದು ನಿಗದಿ ಮಾಡಿದೆ. ತರಕಾರಿಯನ್ನು ಕ್ರಮವಾಗಿ 50 ಮತ್ತು 75 ಗ್ರಾಂ ಎಂದು ಗೊತ್ತುಮಾಡಿದೆ. ಇಂತಹ ಪ್ರಮಾಣಗಳು ಬೇರೆ ದೇಶಗಳಲ್ಲಿಯೂ ಇವೆ. ಆದರೆ ಇವುಗಳ ಪಾಲನೆಯನ್ನು ಪರಿಶೀಲಿಸುವುದು ಉಗ್ರಾಣದಿಂದ ಹೊರಬಿದ್ದ ಸಾಮಗ್ರಿಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಭಾಗಾಕಾರ ಸರಿಯಾಗಿದ್ದರೆ ಮಗುವಿಗೆ ಪೋಷಣೆ ದೊರೆತಂತೆ. ಲೆಕ್ಕಪರಿಶೋಧನೆಗೆ ಇದು ಸಾಕಾಗಬಹುದು, ಬೆಳೆಯುವ ಮಗುವಿನ ಮೂಳೆಗೆ, ರಕ್ತಕ್ಕೆ ಸಾಕಾಗುವುದಿಲ್ಲ.

ಅಡುಗೆಯ ವಿಷಯಕ್ಕೆ ಬಂದರೆ, ತಾವು ಪರಿಣತರನ್ನು ಕೇಳುತ್ತೀರಿ, ಅಡುಗೆ ಮಾಡುವವರನ್ನು ಕೇಳುವುದಿಲ್ಲ. ಯಾವ ದಿನ ಯಾವುದು ಎಷ್ಟು ಉಳಿಯುತ್ತದೆ ಎಂಬುದು ಪಾತ್ರೆ ತೊಳೆಯುವವರಿಗೆ ಗೊತ್ತಿರುವಷ್ಟು ಜಗತ್ತಿನ ಯಾವ ಪೋಷಣಾ ತಜ್ಞರಿಗೂ ಗೊತ್ತಿರುವುದಿಲ್ಲ. ಒಬ್ಬ ಅಡುಗೆಯವರು ನನಗೆ ತೋರಿಸಿಕೊಟ್ಟ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಗಟ್ಟಿ ಹಣ್ಣನ್ನು ಇಡಿಯಾಗಿ ಕೊಟ್ಟ ದಿನ ಒಂದನೆಯ, ಎರಡನೆಯ ತರಗತಿಯ ಮಕ್ಕಳ ಹಣ್ಣುಗಳು ಒಂದೇ ಒಂದು ಕಡಿತದ ಗುರುತಿನೊಂದಿಗೆ ಬಕೆಟ್ಟಿಗೆ ಬೀಳುತ್ತಿದ್ದವು. ಆರೇಳು ವರ್ಷಕ್ಕೆ ಮುಂದಿನ ಹಾಲುಹಲ್ಲುಗಳು ಉದುರುತ್ತವೆ, ಕಚ್ಚಲು ಹಲ್ಲೇ ಇಲ್ಲದ ಬಾಯಿಗೆ ಇಡೀ ಹಣ್ಣು ಕೊಟ್ಟು ಮಕ್ಕಳಿಗೆ ಹಣ್ಣು ಸೇರುವುದಿಲ್ಲ ಎಂದು ಬರೆದುಕೊಂಡರೆ ಹೇಗೆ ಎಂದು ಆಕೆ ಕೇಳಿದರು. ಅವರೇ ಮುಂದಾಗಿ ಚಿಕ್ಕ ತರಗತಿಗಳಿಗೆ ಹೋಳು ಮಾಡಿ ಕೊಡಲು ತೊಡಗಿದರು, ಆ ಮಕ್ಕಳು ತಿಂದರು. ಈ ಅರಿವು ಯಾವ ಸುತ್ತೋಲೆಯಲ್ಲಿಯೂ ಬರಲಿಲ್ಲ, ಯಾವ ವರದಿಗೂ ಸೇರಲಿಲ್ಲ. ಇಂತಹವರಿಗೆ ತಾವು ಕೊಡುವ ಸಂಬಳ ಎಷ್ಟು, ಕೆಲಸದ ಭದ್ರತೆ ಎಷ್ಟು, ಸಭೆಯಲ್ಲಿ ಕುರ್ಚಿ ಉಂಟೇ ಎಂಬುದನ್ನು ತಾವೇ ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು.

ಹೊಸ ತಿನಿಸನ್ನು ಪರಿಚಯಿಸುವಾಗಲೂ ತಾಳ್ಮೆ ಬೇಕು. ಮಗು ಹಿಂದೆ ತಿಂದಿರದ ತರಕಾರಿಯೊಂದನ್ನು ಒಪ್ಪಿಕೊಳ್ಳಲು ಅದನ್ನು ಹಲವು ಸಲ, ಕೆಲವೊಮ್ಮೆ ಹತ್ತಕ್ಕೂ ಹೆಚ್ಚು ಸಲ, ಸ್ವಲ್ಪ ಸ್ವಲ್ಪವಾಗಿ ರುಚಿ ನೋಡಬೇಕಾಗುತ್ತದೆ ಎಂಬುದನ್ನು ಮಕ್ಕಳ ಆಹಾರದ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಒಂದೆರಡು ವಾರ ಉಳಿಯಿತೆಂದು ಪಟ್ಟಿಯಿಂದಲೇ ತೆಗೆದುಹಾಕಿದರೆ ಆ ಕಲಿಕೆ ಅರ್ಧಕ್ಕೇ ನಿಂತುಹೋಗುತ್ತದೆ. ಗಣಿತವನ್ನು ಒಂದು ವಾರದಲ್ಲಿ ಬರಲಿಲ್ಲವೆಂದು ಪಠ್ಯದಿಂದ ತೆಗೆಯುವುದುಂಟೇ?

ಒತ್ತಾಯದಿಂದ ಇದು ಆಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬೇಡಿಕೆಯನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಅಪಾಯವಿದೆ. ತಟ್ಟೆಯಲ್ಲಿ ಉಳಿಯುವುದರ ಲೆಕ್ಕವಿಡಿ ಎಂದರೆ, ತಟ್ಟೆ ಖಾಲಿ ಮಾಡದ ಮಗುವನ್ನು ನಿಲ್ಲಿಸಿ ಗದರಿಸಿ ಎಂದಲ್ಲ. ಉಳಿಕೆ ಕಡಿಮೆ ತೋರಿಸಿದ ಶಾಲೆಗೆ ಬಹುಮಾನ, ಹೆಚ್ಚು ತೋರಿಸಿದ ಶಾಲೆಗೆ ನೋಟಿಸು ಎಂದು ಆಜ್ಞೆ ಹೊರಟ ಮರುದಿನವೇ ಬಡಿಸುವ ಪ್ರಮಾಣ ಕುಗ್ಗುತ್ತದೆ, ಇಲ್ಲವೇ ಮಕ್ಕಳ ಬಾಯಿಗೆ ತುರುಕುವುದು ಶುರುವಾಗುತ್ತದೆ. ಬಲವಂತವಾಗಿ ತಿನ್ನಿಸಿದ್ದರ ಮೇಲೆ ಮಗುವಿಗೆ ಹುಟ್ಟುವ ಜಿಗುಪ್ಸೆ ದೊಡ್ಡವರಾದ ಮೇಲೂ ಹೋಗುವುದು ಕಷ್ಟ. ಹೊಟ್ಟೆ ತುಂಬಿತೆಂದು ಹೇಳುವ ಮಗುವಿನ ಮಾತನ್ನು ನಂಬಬೇಕು. ಉಳಿಕೆಯ ಲೆಕ್ಕ ಕೇಳುತ್ತಿರುವುದು ಕಾರಣ ತಿಳಿಯಲಿಕ್ಕೆ. ಸಮಯ ಸಾಲಲಿಲ್ಲವೇ, ಆರಿಹೋಗಿತ್ತೇ, ಉಪ್ಪು ಹೆಚ್ಚಾಗಿತ್ತೇ, ಕುಡಿಯಲು ನೀರಿರಲಿಲ್ಲವೇ, ಬೆಳಗಿನ ತಿಂಡಿಯೇ ಇಲ್ಲದೆ ಬಂದ ಮಗುವಿಗೆ ಹಸಿವು ಸತ್ತುಹೋಗಿತ್ತೇ? ಪ್ರತಿಯೊಂದಕ್ಕೂ ಪರಿಹಾರ ಬೇರೆ ಬೇರೆ.

ಶಾಲೆಯ ಗೇಟಿನಲ್ಲಿ ಮಾರುವ ಪೊಟ್ಟಣದ ತಿನಿಸು ಮತ್ತು ಸಿಹಿ ಪಾನೀಯಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ತಮಗೆ ಗೊತ್ತಿರುವ ವಿಷಯವೇ. ಅವಸರದಲ್ಲಿ ಉಣ್ಣದೇ ಬಿಟ್ಟ ಮಗು ಮಧ್ಯಾಹ್ನದ ಬಳಿಕ ಅಲ್ಲಿಗೇ ಹೋಗುತ್ತದೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಅಥವಾ ಕ್ಯಾಲರಿ ಮಿತಿಮೀರಿದ ತಿನಿಸುಗಳ ಮೇಲೆ ಕಪ್ಪು ಎಚ್ಚರಿಕೆ ಗುರುತನ್ನು ಕಡ್ಡಾಯ ಮಾಡಿದ್ದಲ್ಲದೆ, ಅಂಥವನ್ನು ಶಾಲೆಯೊಳಗೆ ಮಾರುವುದನ್ನೂ ನಿಷೇಧಿಸಿತು. ಮೆಕ್ಸಿಕೋದಲ್ಲಿ ಇಂತಹದೇ ನಿಷೇಧ 2025ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ಉಚಿತ ಊಟದ ಮಕ್ಕಳಿಗೆ ಬೇರೆ ಸಾಲು, ಬೇರೆ ಬಣ್ಣದ ಚೀಟಿ, ಹಣ ಕಟ್ಟುವವರಿಗೆ ಬೇರೆ ಮೇಜು ಎಂಬ ಏರ್ಪಾಡು. ಹತ್ತು ಹನ್ನೆರಡು ವರ್ಷದ ಮಗುವಿಗೆ ಹಸಿವಿಗಿಂತ ಅವಮಾನ ದೊಡ್ಡದು. ಸಹಪಾಠಿಗಳ ಕಣ್ಣೆದುರು ಆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಹಸಿದಿರುವುದೇ ಮೇಲೆಂದು ನಿರ್ಧರಿಸಿದ ಮಕ್ಕಳ ಪೋಷಕರು ನನ್ನೊಂದಿಗೆ ಮಾತನಾಡಿದ್ದಾರೆ. ಎಲ್ಲರಿಗೂ ಒಂದೇ ಊಟ, ಒಂದೇ ಸಾಲು ಎಂದಾದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಹಣದ ಕಾರಣಕ್ಕೆ ಅದು ಕೂಡಲೇ ಸಾಧ್ಯವಿಲ್ಲದಿದ್ದರೆ, ಯಾರು ಹಣ ಕಟ್ಟಿದರು, ಯಾರು ಕಟ್ಟಲಿಲ್ಲ ಎಂಬುದು ಕಚೇರಿಯ ಪುಸ್ತಕದಲ್ಲಿ ಮಾತ್ರ ಇರಲಿ, ಊಟದ ಕೋಣೆಯಲ್ಲಿ ಅದರ ಗುರುತು ಕಾಣದಿರಲಿ.

ಸಮಯವನ್ನು ಎಲ್ಲಿಂದ ತರುವುದು, ಪಾಠಗಳು ಮುಗಿಯಬೇಡವೇ ಎಂಬ ಶಿಕ್ಷಕರ ಆತಂಕ ನಿಜವಾದದ್ದು. ಅವರ ಮೇಲೆ ಈಗಾಗಲೇ ಹೊರೆ ಬಹಳವಿದೆ, ಊಟದ ಹೊಣೆಯೂ ಅವರದೇ ಆದರೆ ಅವರು ಉಣ್ಣುವುದು ಯಾವಾಗ ಎಂಬುದಕ್ಕೂ ಉತ್ತರವಿರಬೇಕು. ಜಪಾನಿನ ಶಾಲೆಗಳು ಇದಕ್ಕೆ ಬೇರೆಯೇ ದಾರಿ ಹಿಡಿದವು. ಅಲ್ಲಿ ಊಟದ ಹೊತ್ತನ್ನು ಶಾಲೆಯ ಶಿಕ್ಷಣದ ಭಾಗವೆಂದೇ ಎಣಿಸಲಾಗುತ್ತದೆ. ಮಕ್ಕಳು ಸರದಿಯ ಮೇಲೆ ಬಡಿಸುತ್ತಾರೆ, ತರಗತಿಯ ಶಿಕ್ಷಕರು ಅವರೊಂದಿಗೆ ಕೂತು ಅದೇ ಊಟ ಉಣ್ಣುತ್ತಾರೆ, ಉಂಡ ಜಾಗವನ್ನು ಮಕ್ಕಳೇ ಓರಣ ಮಾಡುತ್ತಾರೆ. 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಒಂದು ಮೂಲ ಕಾನೂನನ್ನೂ ಆ ದೇಶ ಮಾಡಿಕೊಂಡಿತು. ಎಲ್ಲ ಶಾಲೆಗಳಿಗೂ ಇದನ್ನು ಹಾಗೆಯೇ ತರಲಾಗದು, ಕೋಣೆ ಬೇಕು, ಜನ ಬೇಕು, ಶಿಕ್ಷಕರ ಒಪ್ಪಿಗೆಯೂ ಬೇಕು. ಆದರೆ ಊಟದ ಹೊತ್ತನ್ನು ಪಾಠದಿಂದ ಕದ್ದ ಹೊತ್ತು ಎಂದು ನೋಡುವ ದೃಷ್ಟಿ ಬದಲಾಗಲು ಕಟ್ಟಡವೇನೂ ಬೇಕಿಲ್ಲ. ಅರೆಹೊಟ್ಟೆಯಲ್ಲಿ ಕೂತ ಮಗುವಿಗೆ ಮಧ್ಯಾಹ್ನದ ಪಾಠ ಎಷ್ಟು ಹತ್ತುತ್ತದೆ ಎಂಬುದು ಶಿಕ್ಷಕರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಮೊದಲನೆಯದಾಗಿ, ಸಾಲಿನ ಕೊನೆಯ ಮಗುವೂ ಕೂತ ಮೇಲೆ ಇಪ್ಪತ್ತು ನಿಮಿಷ ಉಣ್ಣಲು ಸಿಗುವಂತೆ ಊಟದ ವಿರಾಮವನ್ನು ನಿಗದಿ ಮಾಡಿ, ಅದನ್ನು ನಿಯಮದಲ್ಲಿ ಬರೆಯಬೇಕು. ವಿರಾಮವನ್ನು ಹಿಗ್ಗಿಸಲಾಗದ ಕಡೆ ತರಗತಿಗಳನ್ನು ಎರಡು ಸರದಿಯಲ್ಲಿ ಬಿಡಬಹುದು, ಬಡಿಸುವ ಜಾಗಗಳನ್ನು ಹೆಚ್ಚಿಸಬಹುದು, ನಲ್ಲಿಗಳನ್ನು ಹೆಚ್ಚಿಸಬಹುದು, ಚಿಕ್ಕ ಮಕ್ಕಳನ್ನು ಐದು ನಿಮಿಷ ಮೊದಲೇ ಕಳಿಸಬಹುದು. ಆಟವನ್ನು ಊಟಕ್ಕೆ ಮೊದಲಿಡುವ ಪ್ರಯೋಗವನ್ನು ಕೆಲವು ಶಾಲೆಗಳಲ್ಲಾದರೂ ಒಂದು ಅವಧಿಯ ಮಟ್ಟಿಗೆ ನಡೆಸಿ ಫಲಿತಾಂಶವನ್ನು ಪ್ರಕಟಿಸಬೇಕು. ಅದರ ಜೊತೆಗೆ, ವಾರಕ್ಕೆ ಒಂದು ದಿನವಾದರೂ ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು, ಪಾತ್ರೆಯಲ್ಲಿ ಬಡಿಸದೆ ಉಳಿದದ್ದರಿಂದ ಬೇರೆಯಾಗಿಟ್ಟು, ಪದಾರ್ಥವಾರು ತೂಗಿ ಬರೆಯಬೇಕು. ಅದರಲ್ಲಿ ಯಾವ ಮಗುವಿನ ಹೆಸರೂ ಇರಕೂಡದು, ಆ ಅಂಕಿಗಳ ಆಧಾರದ ಮೇಲೆ ಯಾರಿಗೂ ಶಿಕ್ಷೆಯಾಗಕೂಡದು. ಬರೆದದ್ದನ್ನು ಅಡುಗೆಯವರು, ಶಿಕ್ಷಕರು, ಪೋಷಕರು ಮತ್ತು ಮಕ್ಕಳ ಪ್ರತಿನಿಧಿಗಳು ಒಟ್ಟಿಗೆ ಕೂತು ತಿಂಗಳಿಗೊಮ್ಮೆ ನೋಡಬೇಕು, ಮುಂದಿನ ತಿಂಗಳ ಊಟದ ಪಟ್ಟಿ ಆ ಸಭೆಯಿಂದ ಹೊರಬರಬೇಕು. ಆ ಸಭೆಯಲ್ಲಿ ಕೂರುವ ಹೊತ್ತಿಗೂ ಅಡುಗೆಯವರಿಗೆ ಸಂಬಳ ಸಿಗಬೇಕು.

ಈ ಬೇಡಿಕೆಗಳಲ್ಲಿ ಬಹುಪಾಲಿಗೆ ಹೊಸ ಅನುದಾನ ಬೇಕಿಲ್ಲ, ಒಂದು ತಕ್ಕಡಿ, ಒಂದು ಪುಸ್ತಕ ಮತ್ತು ವೇಳಾಪಟ್ಟಿಯನ್ನು ಮತ್ತೊಮ್ಮೆ ಬರೆಯುವ ಮನಸ್ಸು ಬೇಕು. ನಲ್ಲಿ, ಬಡಿಸುವ ಮೇಜು, ಹೆಚ್ಚುವರಿ ಕೈಗಳಿಗೆ ಹಣ ಬೇಕಾಗುತ್ತದೆ ನಿಜ. ಆದರೆ ಕೊಂಡು, ಸಾಗಿಸಿ, ತೊಳೆದು, ಹೆಚ್ಚಿ, ಬೇಯಿಸಿ, ಬಡಿಸಿದ ಮೇಲೆ ಬಕೆಟ್ಟಿಗೆ ಸುರಿಯುತ್ತಿರುವುದು ಕೂಡ ಸಾರ್ವಜನಿಕರ ಹಣವೇ ಆಗಿದೆ.

ತಾವು ಯಾವುದಾದರೂ ಒಂದು ಶಾಲೆಗೆ ಮುಂಚಿತವಾಗಿ ತಿಳಿಸದೆ ಊಟದ ಹೊತ್ತಿಗೆ ಭೇಟಿ ನೀಡಿ, ಸಾಲಿನ ಕೊನೆಯಲ್ಲಿ ನಿಂತು, ಮಕ್ಕಳೊಂದಿಗೆ ಅದೇ ಊಟವನ್ನು ಅದೇ ವಿರಾಮದೊಳಗೆ ಉಂಡು ನೋಡಬೇಕೆಂದು ಕೋರುತ್ತೇನೆ. ಆ ಬಳಿಕ, ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಅಂತಿಮಗೊಳ್ಳುವ ಮೊದಲು, ಊಟದ ಸಮಯ ಮತ್ತು ಉಳಿಕೆಯ ಲೆಕ್ಕದ ಬಗ್ಗೆ ತಾವು ಕೈಗೊಂಡ ನಿರ್ಧಾರವನ್ನು, ಒಪ್ಪದಿದ್ದಲ್ಲಿ ಅದಕ್ಕೆ ಕಾರಣವನ್ನು, ಪೋಷಕರೆಲ್ಲರಿಗೂ ತಿಳಿಯುವಂತೆ ಲಿಖಿತವಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಶಾಲಾ ಊಟದ ಉಸ್ತುವಾರಿ ಸಮಿತಿಯೊಂದರ ಪೋಷಕ ಪ್ರತಿನಿಧಿ